ಅಪ್ಪ ಏರಿಸಿದ ವೋಲ್ಟು

ಅಪ್ಪನ ಟಿವಿ ರಿಪೇರಿ ಅಂಗಡಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷದಲ್ಲಿ ಅವರು ಮನೆಯ ಗೋಡೆ ಗಡಿಯಾರವನ್ನು ಆರು ಸಲ ಬಿಚ್ಚಿದ್ದರು. ಅದು ಒಂದು ಸಲವೂ ಕೆಟ್ಟಿರಲಿಲ್ಲ. ಏಳನೆಯ ಸಲ ಬಿಚ್ಚಿದ ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು.

"ನಿನ್ನ ಅಂಗಡೀಲಿ ಇವರಿಗೊಂದು ಸ್ಟೂಲು ಹಾಕಿಸೇ. ಇಲ್ಲಾಂದ್ರೆ ನಾಳೆ ನನ್ನನ್ನೂ ಬಿಚ್ಚಿ ನೋಡ್ತಾರೆ."

ನಾನಿರುವುದು ಹೊಸ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿಯಲ್ಲಿ. ಬರುವವರಲ್ಲಿ ಮುಕ್ಕಾಲು ಪಾಲು ಗೇಮ್ ಆಡುವವರು. ಯಜಮಾನನಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು 'ವಾರಂಟಿ'. ಸ್ಕ್ರೂ ಒಂದು ಸುತ್ತು ಜಾಸ್ತಿ ತಿರುಗಿಸಿದರೂ "ಹೋಯ್ತು, ವಾರಂಟಿ ಹೋಯ್ತು" ಅನ್ನುವ ಆಸಾಮಿ. ನಾನು ಕೇಳಿದಾಗ ಅವನು ಇಲ್ಲವೆನ್ನಲಿಲ್ಲ. ಷರತ್ತು ಹಾಕಿದ. ಅಪ್ಪ ಯಾರ ಸಹಾಯವೂ ಇಲ್ಲದೆ ಮೂರು ಕಂಪ್ಯೂಟರ್ ಜೋಡಿಸಬೇಕು. ಮೂರೂ ಪರೀಕ್ಷೆಯಲ್ಲಿ ಪಾಸಾದರೆ ಕಿಟಕಿ ಪಕ್ಕದ ಬೆಂಚು ಅವರದು. ಒಂದು ಕೈಕೊಟ್ಟರೂ ಮನೆಗೆ.

"ನಿಮ್ಮಪ್ಪ ಅಂತ ಕೊಡ್ತಿಲ್ಲಮ್ಮ, ಗೊತ್ತಿರಲಿ," ಅಂದ.

ನಮ್ಮ ಕೆಲಸದಲ್ಲಿ ತಪ್ಪುವ ಜಾಗ ಮೆಮೊರಿ. ಹೊಸ ಯಂತ್ರದಲ್ಲಿ ಮೆಮೊರಿ ಪಟ್ಟಿಗಳು ಮೊದಲು ನಿಧಾನವಾಗಿಯೇ ಓಡುತ್ತವೆ. ಡಬ್ಬದ ಮೇಲೆ ಬರೆದ ವೇಗ ಸಿಗಬೇಕಾದರೆ ಸೆಟ್ಟಿಂಗ್‌ಗೆ ಹೋಗಿ, ತಯಾರಿಸಿದವರೇ ಬರೆದಿಟ್ಟ ಪ್ರೊಫೈಲ್ ಆರಿಸಬೇಕು. ವೇಗ, ವೋಲ್ಟೇಜು ಎರಡೂ ಅದರಂತೆ ಕೂರುತ್ತವೆ. ಆಮೇಲೆ ಇಡೀ ಒಂದು ದಿನ ಟೆಸ್ಟ್ ಓಡಿಸಬೇಕು. ಪರದೆಯ ಮೇಲೆ ದೋಷ ತೋರಿಸುವ ಒಂದೇ ಒಂದು ಕೆಂಪು ಸಾಲು ಬಂದರೂ ವೇಗ ಒಂದು ಮೆಟ್ಟಿಲು ಇಳಿಸಬೇಕು. ವೋಲ್ಟು ಏರಿಸಕೂಡದು. ಇದನ್ನು ವಾರಂಟಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ.

ಅಪ್ಪ ಅದನ್ನು ಎರಡು ಸಲ ಓದಿದರು. ಕಲಿಯುವುದರಲ್ಲಿ ಅವರು ದಡ್ಡರಲ್ಲ. ಮೊದಲ ಎರಡು ಯಂತ್ರ ನೀರು ಕುಡಿದಷ್ಟು ಸಲೀಸಾಗಿ ಮುಗಿದವು. ಪ್ರತಿಯೊಂದರ ಪಕ್ಕದ ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ಹಾಕಿದ ವೋಲ್ಟು ಬರೆದರು. ಇದು ಟಿವಿ ರಿಪೇರಿಯವರ ಅಭ್ಯಾಸ. ಮುಂದೆ ಬಿಚ್ಚುವವನಿಗೆ ಹಿಂದಿನವನು ಏನು ಮಾಡಿದ್ದ ಅಂತ ತಿಳಿಯಬೇಕು.

ಮೂರನೆಯ ಯಂತ್ರದ ಗಿರಾಕಿಗೆ ಮೆಮೊರಿ ಕೂರುವ ನಾಲ್ಕೂ ಜಾಗದಲ್ಲಿ ಬಣ್ಣದ ದೀಪ ಉರಿಯಬೇಕಿತ್ತು. ಹಾಗಾಗಿ ದೀಪವಿರುವ ಪಟ್ಟಿ, ಎರಡರ ಬದಲು ನಾಲ್ಕು. ನಾಲ್ಕಾದರೆ ಪ್ರೊಸೆಸರಿನ ಒಳಗೆ ಮೆಮೊರಿಯನ್ನು ನಡೆಸುವ ಭಾಗದ ಮೇಲೆ ಹೊರೆ ಜಾಸ್ತಿ. ಟೆಸ್ಟ್ ಶುರುವಾಗಿ ಅರ್ಧ ಗಂಟೆಗೆ ಕೆಂಪು ಸಾಲು ಬಂತು. ಅಪ್ಪ ಅದನ್ನೇ ನೋಡುತ್ತ ಕೂತರು.

ನಾನು ಬೇರೆಯವರ ಕಣ್ಣು ತಪ್ಪಿಸಿ ಹತ್ತಿರ ಹೋದೆ. "ವೇಗಾನ ಆರು ಸಾವಿರದಿಂದ ಐದು ಸಾವಿರದ ಆರುನೂರಕ್ಕೆ ಇಳಿಸಪ್ಪ. ಅಷ್ಟೇ."

"ಡಬ್ಬದ ಮೇಲೆ ಆರು ಸಾವಿರ ಇದೆ."

"ಇರ್ಲಿ. ಆಡೋನಿಗೆ ವ್ಯತ್ಯಾಸ ಗೊತ್ತೂ ಆಗಲ್ಲ."

"ಇಳಿಸಿ ಕೊಡೋಕೆ ಮೆಕ್ಯಾನಿಕ್ ಯಾಕೇ ಬೇಕು? ಮಂಕಾಗಿರೋ ಟಿವೀನ ಮಂಕಾಗೇ ವಾಪಸ್ ಕೊಟ್ಟ ಹಾಗೆ."

"ಅಪ್ಪ, ಇದು ಟಿವಿ ಅಲ್ಲ."

"ಯಾರ ಸಹಾಯನೂ ತಗೋಬಾರದು ಅಂತ ಹೇಳಿದಾನಲ್ಲ ನಿನ್ನ ಯಜಮಾನ? ಹೋಗು, ನಿನ್ನ ಕೆಲಸ ನೋಡ್ಕೋ."

ಹೋದೆ.

ಮಾರನೆಯ ದಿನ ಪರದೆ ತುಂಬ ಹಸಿರು. ದೋಷ ಸೊನ್ನೆ, ವೇಗ ಆರು ಸಾವಿರ. ವಾರಂಟಿ ನೋಡಿದ್ದು ಅವೆರಡನ್ನೇ.

"ಪರವಾಗಿಲ್ವೇ ಹಿರಿಯರೇ! ನಾಲ್ಕು ಪಟ್ಟಿ ಇಷ್ಟು ವೇಗಕ್ಕೆ ನಿಲ್ಲೋದು ಕಷ್ಟ. ಕೈಗುಣ ಚೆನ್ನಾಗಿದೆ. ಹೋಗಿ, ಕಿಟಕಿ ಹತ್ರ ಕೂತ್ಕೊಳ್ಳಿ."

ಅಪ್ಪ ಸ್ಟೂಲು ಎತ್ತಿಕೊಂಡು ಹೋದರು.

ಯಂತ್ರವನ್ನು ಪ್ಯಾಕ್ ಮಾಡುವುದು ನನ್ನ ಪಾಲಿಗೆ ಬಂತು. ಮುಚ್ಚಳ ಬಿಚ್ಚಿ ಒಳಗೆ ಒರೆಸುವಾಗ ಪೆನ್ಸಿಲ್ ಬರಹ ಕಂಡಿತು. 'ಪಟ್ಟಿ 1.35 ಇತ್ತು, 1.45 ಮಾಡಿದೆ. ಪ್ರೊಸೆಸರ್ ಕಡೆ 1.2 ಇತ್ತು, 1.45 ಮಾಡಿದೆ. ಚಿತ್ರ ಸ್ಥಿರ.'

ಹಳೆಯ ಟಿವಿಯ ಪಿಕ್ಚರ್ ಟ್ಯೂಬ್ ಮಂಕಾದಾಗ ಅದರ ಹೀಟರಿಗೆ ಒಂದಿಷ್ಟು ವೋಲ್ಟು ಜಾಸ್ತಿ ಕೊಡುತ್ತಿದ್ದರು. ಸಾಯುವ ಟ್ಯೂಬು ಇನ್ನೊಂದಾರು ತಿಂಗಳು ಬೆಳಗುತ್ತಿತ್ತು. ಅಪ್ಪ ಈ ಕೆಲಸಕ್ಕೇ ಹೆಸರಾಗಿದ್ದವರು. ಆದರೆ ಈ ಪ್ರೊಸೆಸರಿನಲ್ಲಿ ಮೆಮೊರಿ ನಡೆಸುವ ಆ ಭಾಗಕ್ಕೆ 1.3 ವೋಲ್ಟು ದಾಟಿಸುವ ಹಾಗಿಲ್ಲ. ದಾಟಿಸಿದರೆ ಸುಡುತ್ತದೆ. ಯಾವಾಗ ಅನ್ನುವುದೊಂದೇ ಪ್ರಶ್ನೆ.

ತಿರುಗಿ ನೋಡಿದೆ. ಅಪ್ಪ ಮನೆಯಿಂದ ತಂದ ಬಟ್ಟೆಯಿಂದ ಬೆಂಚು ಒರೆಸುತ್ತಿದ್ದರು. ಮೂಲೆ, ಅಂಚು, ಕೆಳಗಿನ ಕಾಲು ಕೂಡ. ಒಮ್ಮೆ ತಲೆಯೆತ್ತಿ ನನ್ನನ್ನು, ನನ್ನ ಕೈಯಲ್ಲಿದ್ದ ಮುಚ್ಚಳವನ್ನು ನೋಡಿದರು. ಮತ್ತೆ ಒರೆಸಲು ಬಗ್ಗಿದರು.

ವೋಲ್ಟು ಇಳಿಸಲು ಎರಡು ನಿಮಿಷ ಸಾಕು. ಇಳಿಸಿದರೆ ಕೆಂಪು ಸಾಲು ಬರುತ್ತದೆ. ವೇಗವನ್ನೂ ಇಳಿಸಿ, ಮತ್ತೆ ಒಂದು ದಿನ ಟೆಸ್ಟ್ ಓಡಿಸಿ, ಯಾಕೆ ಅಂತ ವಾರಂಟಿಗೆ ಹೇಳಬೇಕು. ಅಲ್ಲಿಗೆ ಬೆಂಚು ಹೋಯಿತು. ಏನೂ ಆಗದೆಯೂ ಇರಬಹುದು ಅಂದುಕೊಂಡೆ. ಹಾಗೆ ಅಂದುಕೊಳ್ಳುವವರನ್ನು ಆ ಅಂಗಡಿಯಲ್ಲಿ ನಾನು ದಿನಾ ನೋಡಿದ್ದೇನೆ, ನಕ್ಕಿದ್ದೇನೆ. ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ.

ಹನ್ನೊಂದು ದಿನ ಅಪ್ಪ ನನಗಿಂತ ಮೊದಲು ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಗಡಿಯಾರ ಗೋಡೆಯ ಮೇಲೆ ತನ್ನ ಪಾಡಿಗೆ ಓಡುತ್ತಿತ್ತು. "ಗಡಿಯಾರಕ್ಕೆ ನೆಮ್ಮದಿ ಸಿಕ್ತು," ಅಂತ ಅಮ್ಮ ನಕ್ಕಳು.

ಹನ್ನೆರಡನೆಯ ದಿನ ಗಿರಾಕಿ ಯಂತ್ರವನ್ನು ಎತ್ತಿಕೊಂಡು ಬಂದ. ಆನ್ ಆಗುತ್ತಿಲ್ಲ. ವಾರಂಟಿ ಪ್ರೊಸೆಸರ್ ಎತ್ತಿದ. ಅಡಿಯಲ್ಲಿ ಕಂದು ಬಣ್ಣದ ಉಬ್ಬು, ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ತಗುಲಿ ಸುಟ್ಟ ಹಾಗೆ. ಗಿರಾಕಿ ಮುಚ್ಚಳ ತಿರುಗಿಸಿ ತೋರಿಸಿದ. ಮನೆಯಲ್ಲೇ ಓದಿ ಫೋಟೋ ತೆಗೆದುಕೊಂಡಿದ್ದನಂತೆ.

ವಾರಂಟಿ ಗಟ್ಟಿಯಾಗಿ ಓದಿದ. "ಚಿತ್ರ ಸ್ಥಿರ ಅಂದ್ರೇನು ಹಿರಿಯರೇ? ಇದೇನು ಟಿವಿನಾ?"

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಬರೆದಿದ್ದು ನಾನೇ," ಅಂದರು ಅಪ್ಪ. "ಮಾಡಿದ್ದೂ ನಾನೇ."

"ಗೋಡೆ ಮೇಲೆ ಬರೆದು ಹಾಕಿದ್ದು ಯಾರಿಗೆ ಮತ್ತೆ?"

"ಕೆಲಸ ಬರದೇ ಇರೋರಿಗೆ ಅಂತ ತಿಳ್ಕೊಂಡೆ."

ವಾರಂಟಿ ಇದಕ್ಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಕಡೆ ತಿರುಗಿದ. "ಪ್ಯಾಕ್ ಮಾಡಿದೋಳು ನೀನಲ್ವಾ? ಇದನ್ನ ನೋಡ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು, "ಅವಳು ನೋಡಿಲ್ಲ. ನೋಡಿದ್ರೆ ಬಿಡ್ತಿರಲಿಲ್ಲ."

"ನೋಡ್ಲಿಲ್ಲ," ಅಂದೆ ನಾನು.

ಅಪ್ಪ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ಇಟ್ಟರು. ಯಾರೂ ಹೋಗಿ ಅನ್ನಬೇಕಾಗಲಿಲ್ಲ. ನಾನು ಸಂಜೆಯವರೆಗೆ ಕೆಲಸ ಮಾಡಿದೆ. ಎರಡು ಯಂತ್ರಕ್ಕೆ ಪ್ರೊಫೈಲ್ ಹಾಕಿದೆ. ಒಂದರಲ್ಲಿ ಕೆಂಪು ಸಾಲು ಬಂತು, ವೇಗ ಇಳಿಸಿದೆ.

ಮನೆಗೆ ಬಂದಾಗ ಗೋಡೆಯ ಮೇಲೆ ಗಡಿಯಾರದ ಜಾಗದಲ್ಲಿ ದುಂಡಗಿನ ಬಿಳಿ ಗುರುತಿತ್ತು. ಅಪ್ಪ ಮೇಜಿನ ಮೇಲೆ ಪೇಪರು ಹಾಸಿ ಗಡಿಯಾರವನ್ನು ಬಿಚ್ಚಿ ಹರಡಿದ್ದರು.

"ಎಷ್ಟು ದಿನ ಓಡ್ತು ಅದು?" ಅಂದರು, ತಲೆಯೆತ್ತದೆ.

"ಹನ್ನೊಂದು."

"ಟ್ಯೂಬಾಗಿದ್ರೆ ಆರು ತಿಂಗಳು ಬರ್ತಿತ್ತು."

ಗಡಿಯಾರದ ಹಿಂಬದಿಯ ಮುಚ್ಚಳ ಮಗುಚಿ ಬಿದ್ದಿತ್ತು. ಅದರೊಳಗೆ ಪೆನ್ಸಿಲಿನಲ್ಲಿ ಏಳು ತಾರೀಖು, ಪ್ರತಿಯೊಂದರ ಮುಂದೆ 'ಸರಿಯಿದೆ'. ಅಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಇವತ್ತು ಎಷ್ಟನೇ ತಾರೀಖು ಅಂತ ಕೇಳಿದರು. ಹೇಳಿದೆ. ಎಂಟನೆಯದನ್ನು ಬರೆದರು.