ಎರವಲು ನಾಲಿಗೆ

ಬುಧವಾರ ಬಂತೆಂದರೆ ಸತ್ಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆಗೆ ಒಂದಿಷ್ಟು ಎಣ್ಣೆ ಸವರಿಕೊಂಡು, ಬೆಳಗಾವಿಯ ಸದಾಶಿವನಗರದ ದೊಡ್ಡ ಮೀನಿನ ಹೋಟೆಲಿಗೆ ಪುಕ್ಕಟೆ ಊಟಕ್ಕೆ ಹೋಗುತ್ತಿದ್ದ. ಎಂಟೂವರೆಗೆ ಮನೆಗೆ ಬಂದವನೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ರೊಟ್ಟಿ ಬುಟ್ಟಿಯ ಕಡೆಗೇ ನೋಡುತ್ತಿದ್ದ.

"ಏನ್ ತಿಂದು ಬಂದ್ರಿ ಇವತ್ತ?" ಎಂದು ಹೆಂಡತಿ ಭರಮವ್ವ ಕೇಳುವಳು.

"ಸೀಗಡಿ. ಭಾರಿ ಇತ್ತು."

"ಎಷ್ಟ್ ಇದ್ದೂ ಸೀಗಡಿ?"

"ಒಂದು."

ಭರಮವ್ವ ಎರಡು ಜೋಳದ ರೊಟ್ಟಿ, ಮಧ್ಯಾಹ್ನದ ಝುಣಕ, ಒಂದು ಉಳ್ಳಾಗಡ್ಡಿ ತಾಟಿಗೆ ಹಾಕಿ ಕೊಡುವಳು. ಸತ್ಯಪ್ಪನ ಕೈ ಮೂರನೇ ರೊಟ್ಟಿಗೆ ಚಾಚಿದಾಗ ಮಾತ್ರ, "ದೊಡ್ಡ ಹೋಟೆಲಿನ್ಯಾಗ ಭಾರಿ ಉಂಡವರು ಮನಿಗೆ ಬಂದು ಹಿಂಗ ಉಣ್ಣೂದು ನಾ ಎಲ್ಲೂ ನೋಡಿಲ್ಲ ಬಿಡ್ರಿ" ಎಂದು ಗೋಡೆಗೆ ಹೇಳುವಳು. ಸತ್ಯಪ್ಪ ರೊಟ್ಟಿ ಮುರಿಯುತ್ತ ಕಿವುಡನಾಗುವನು.

ಇದರ ಹಿಂದೆ ಇಬ್ಬರ ಎರಡು ವ್ರತಗಳ ಕಥೆ ಇದೆ. ಒಂದೊಂದೂ ಒಳ್ಳೆಯ ವ್ರತವೇ. ಎರಡೂ ಒಂದೇ ಟೇಬಲ್ಲಿಗೆ ಬಂದು ಕುಳಿತದ್ದೇ ತೊಂದರೆಯಾಯಿತು.

ಸತ್ಯಪ್ಪ ಆಟೋ ನಗರದಲ್ಲಿ ಪದ್ಮಾಕರ ಸಾವಕಾರರ ಲೇತ್ ವರ್ಕ್‌ಶಾಪಿನ ಫೋರ್‌ಮನ್, ಮೂವತ್ತೊಂದು ವರ್ಷದಿಂದ. ಸಾವಕಾರರ ಒಬ್ಬನೇ ಮಗ ಸೌರಭ ಅಲ್ಲಿಯ ಕಬ್ಬಿಣದ ಪುಡಿಯಲ್ಲೇ ಆಡಿ ಬೆಳೆದವನು. ಆದರೆ ಅವನಿಗೆ ಲೇತ್ ಹಿಡಿಸಲಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ. ಕೊಲ್ಲಾಪುರದ ಧಣಿಯೊಬ್ಬ ಬೆಳಗಾವಿಯಲ್ಲಿ ತೆರೆದ 'ನೀಲಸಾಗರ ಗ್ರ್ಯಾಂಡ್' ಎಂಬ ಮೀನಿನ ಹೋಟೆಲಿಗೆ ಮ್ಯಾನೇಜರ್ ಆದ. ಜೈನರ ಮನೆಯ ಹುಡುಗ ಮೀನಿನ ಹೋಟೆಲಿಗೆ ಮ್ಯಾನೇಜರ್! ಪದ್ಮಾಕರ ಸಾವಕಾರರು ಬೈಯಲಿಲ್ಲ. "ವರ್ಷದೊಳಗ ವಾಪಸ್ ಬರ್ತಾನ, ಅವನ ಲೇತ್ ಒರಸಿ ಇಡ್ರಿ" ಎಂದರು. ಪ್ರತಿ ಶನಿವಾರ ಅದನ್ನು ಒರೆಸಿಯೇ ಇಡಲಾಗುತ್ತಿತ್ತು. ತಾಯಿ ಸುಂದರಾಬಾಯಿ ಮಾತ್ರ ಮಗನನ್ನು ಬಸದಿಗೆ ಕರೆದೊಯ್ದು, "ಮಾರೂದು ನಿನ್ನ ನೌಕರಿ, ಮಾರು. ಬಾಯಿಗೆ ಮಾತ್ರ ಹಚ್ಚಬ್ಯಾಡ" ಎಂದು ಮಾತು ತೆಗೆದುಕೊಂಡರು. ಸೌರಭ ಕೊಟ್ಟ ಮಾತಿಗೆ ತಪ್ಪುವವನಲ್ಲ. ಹೊತ್ತು ಮುಳುಗಿದ ಮೇಲೆ ಬಟಾಣಿ ಕಾಳನ್ನೂ ಬಾಯಿಗೆ ಹಾಕದ ಹುಡುಗ ಅವನು.

ಹೀಗಾಗಿ ಅವನು ಸತ್ಯಪ್ಪನ ಮುಂದೆ ಬಂದು ನಿಂತ. "ಕಾಕಾ, ವಾರಕ್ಕೊಮ್ಮೆ ನಿಮ್ಮ ನಾಲಿಗಿ ನನಗ ಎರವಲು ಕೊಡ್ರಿ. ಹೊಸ ಐಟಂ ಚಲೋ ಅದನೋ ಇಲ್ಲೋ ನೀವು ಹೇಳ್ರಿ. ನೀವು ಹೂಂ ಅಂದ್ರ ಮೆನುದಾಗ ಹಾಕ್ತೀನಿ."

ಸತ್ಯಪ್ಪನಿಗೆ ಎದೆ ಉಬ್ಬಿತು. ಈ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು ಅವನು. ಹೂಂ ಎಂದ. ಆದರೆ ತನ್ನ ನಾಲಿಗೆಗೆ ಐವತ್ತು ವರ್ಷದ ಹಿಂದೆಯೇ ಬೀಗ ಬಿದ್ದಿದೆ ಎಂಬುದು ಆ ಖುಷಿಯಲ್ಲಿ ನೆನಪಾಗಲಿಲ್ಲ.

ಅವನ ಅಪ್ಪ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗಿದವನು. ಯಾರ ಹೊಲದಲ್ಲಿ ಕುರಿ ನಿಲ್ಲಿಸಿದರೆ ಆ ಹೊಲಕ್ಕೆ ಗೊಬ್ಬರ, ಇವರಿಗೆ ಆ ಮನೆಯ ಊಟ. ಎಂಟು ವರ್ಷದ ಸತ್ಯಪ್ಪ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು, ಅಂಬಲಿ ಹುಳಿಯಾಗಿದೆ ಎಂದುಬಿಟ್ಟ. ಅಪ್ಪ ಆ ಮನೆಯವರ ಎದುರಿಗೇ ಬಾಯಿ ಮೇಲೆ ಬಾರಿಸಿದ. "ಕೊಟ್ಟ ಅನ್ನಕ್ಕ ತಪ್ಪು ಹುಡುಕಿ ಹೆಸರ ಇಡಬಾರದು. ಇಟ್ಟವಂಗ ನಾಳಿ ಹೊಲ ಇಲ್ಲ." ಅಂದಿನಿಂದ ಸತ್ಯಪ್ಪ, ತಾಟಿನಲ್ಲಿ ಬಂದದ್ದು ಏನೇ ಇರಲಿ, ಉಂಡು 'ಭಾರಿ ಇತ್ತು' ಎಂದು ಕೈ ತೊಳೆಯುವವನು.

ನೀಲಸಾಗರದ ತಾಟುಗಳಲ್ಲಿ ಬಂದದ್ದಾದರೂ ಎಂಥದು! ಗಾಲಿಯಷ್ಟು ದೊಡ್ಡ ಕರಿ ತಾಟು, ನಡುವೆ ನಿಂಬೆಹಣ್ಣಿನಷ್ಟು ಮೀನು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಒಮ್ಮೆ ಪಾಪ್ಲೇಟ್ ಮೀನಿನ ಮೇಲೆ ಬಿಳಿ ನೊರೆ ಹಾಕಿ ತಂದಿಟ್ಟರು. ಪಾತ್ರೆ ತೊಳೆದವರು ಸೋಪು ಒರೆಸುವುದನ್ನು ಮರೆತಿದ್ದಾರೆ ಎಂದು ಸತ್ಯಪ್ಪ ಐದು ನಿಮಿಷ ಕಾದು ಕುಳಿತ. ಯಾರೂ ಬಟ್ಟೆ ತರಲಿಲ್ಲ. ಕೊನೆಗೆ ಅದನ್ನೂ ತಿಂದ. ಇನ್ನೊಮ್ಮೆ ಬಂಗಡಿ ಮೀನಿಗೆ ತೆಂಗಿನ ಹಾಲು, ಸಕ್ಕರೆ, ಮಾವಿನಹಣ್ಣಿನ ರಸ. ಬಂಗಡಿಯೋ ನಾಲ್ಕು ದಿನದ ಹಿಂದೆಯೇ ಊರು ಬಿಟ್ಟು ಬಂದದ್ದು. ಬಾಯಿಗಿಟ್ಟರೆ ಬಿಸಿ ತುಪ್ಪ, ಉಗುಳುವಂತಿಲ್ಲ ನುಂಗುವಂತಿಲ್ಲ. ಎದುರಿಗೆ ಸೌರಭ ಕೈ ಕಟ್ಟಿಕೊಂಡು, ಪರೀಕ್ಷೆಯ ರಿಸಲ್ಟ್ ಕಾಯುವವನ ಹಾಗೆ ಕುಳಿತಿರುತ್ತಿದ್ದ.

"ಹೆಂಗ ಅದ ಕಾಕಾ?"

"ಭಾರಿ ಐತಿ, ತಮ್ಮಾ."

ಬಾಗಿಲಲ್ಲಿ ಉದ್ದ ಟೋಪಿಯ ಶೆಫ್ ಬಸವಪ್ರಸಾದ ಎದೆಯ ಮೇಲೆ ಕೈಯಿಟ್ಟು ತಲೆಬಾಗುತ್ತಿದ್ದ. ಮರುದಿನ ಅದು ಮೆನುವಿಗೆ ಏರುತ್ತಿತ್ತು. ಹೀಗೆ ಇಪ್ಪತ್ತೆಂಟು ಬುಧವಾರ, ಇಪ್ಪತ್ತೆಂಟು 'ಭಾರಿ'.

ಜನಕ್ಕೆ ಸತ್ಯಪ್ಪನ ಅಪ್ಪನಂಥ ಅಪ್ಪ ಇರಲಿಲ್ಲ. ಅವರು ಒಮ್ಮೆ ಬಂದರು, ತಿಂದರು, ಮತ್ತೆ ಆ ಬೀದಿಯಲ್ಲಿ ಹಾಯಲಿಲ್ಲ. ಮೊಬೈಲಿನಲ್ಲಿ ಚುಕ್ಕಿ ಕೊಡುವವರು ಒಂದೊಂದೇ ಚುಕ್ಕಿ ಕೊಟ್ಟರು. ಒಬ್ಬ ಪುಣ್ಯಾತ್ಮ ಎರಡು ಕೊಟ್ಟು, 'ನೀರು ತಣ್ಣಗಿತ್ತು' ಎಂದು ಬರೆದಿದ್ದ. ಸೌರಭ ಮೊದಲು ಪರದೆ ಬದಲಿಸಿದ. ಆಮೇಲೆ ಕುರ್ಚಿಯ ಗಾದಿ, ದೀಪ, ಹಾಡು. ಊಟ ಸರಿಯಿದೆಯಲ್ಲ, ಕಾಕಾ ಭಾರಿ ಎಂದಿದ್ದಾರಲ್ಲ, ಮತ್ತೆ ತಪ್ಪು ಗಾದಿಯದೇ ಇರಬೇಕು!

ಇಪ್ಪತ್ತೆಂಟನೇ ಬುಧವಾರ ಇಡೀ ಹೋಟೆಲಿನಲ್ಲಿ ಗಿರಾಕಿ ಎಂದು ಒಂದು ನರಪಿಳ್ಳೆಯೂ ಇರಲಿಲ್ಲ. ಸೌರಭನ ಮುಖ ಇಳಿದುಹೋಗಿತ್ತು.

"ಮುಂದಿನ ರವಿವಾರದ ಮುಂಜಾನಿಂದ ಮಾಲಕರು ಇಲ್ಲೇ ಕುಂದರ್ತಾರ ಕಾಕಾ. ಉಂಡು ನೋಡಿ, ಬ್ಯಾಡ ಅನಿಸಿದ್ರ ಬಾಗಲಾ ಮುಚ್ತಾರ. ನಾ ಮತ್ತ ಅಪ್ಪನ ಲೇತ್ ಮುಂದ ಹೋಗಿ ನಿಂದರಬೇಕು. ಅಪ್ಪ ಏನೂ ಅನ್ನೂದಿಲ್ಲರಿ, ಬರೇ ನಗ್ತಾರ. ಆ ನಗಿ ನನಗ ತಡಕೊಳ್ಳಾಕ ಆಗೂದಿಲ್ಲ." ಕಣ್ಣು ಒರೆಸಿಕೊಂಡು ಕೇಳಿದ: "ಊಟ ಚಲೋ ಅದ. ಮತ್ತ ಎಲ್ಲಿ ತಪ್ಪಾಗೇದ್ರಿ?"

ತಪ್ಪು ಈ ಕುರ್ಚಿಯ ಮೇಲೇ ಕುಳಿತಿದೆ ಎನ್ನಲು ಸತ್ಯಪ್ಪ ಬಾಯಿ ತೆರೆದ. ತಾಟಿನಲ್ಲಿ ಉಳಿದ ತುತ್ತನ್ನು ಅದರೊಳಗೆ ತುರುಕಿಕೊಂಡು ಎದ್ದ. ಮನೆಗೆ ಬಂದು, ರೊಟ್ಟಿಯನ್ನೂ ಕೇಳದೆ, ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ.

ಭರಮವ್ವ ಗುಂಜಿ ಎಂಬ ಹಳ್ಳಿಯವಳು. ಕಾಡಂಚಿನ ಹಳ್ಳದಲ್ಲಿ ಏಡಿ ಹಿಡಿದು ಬೆಳೆದವಳು, ಖಾನಾಪುರದ ಮೀನು ಮಾರುವವರು ದೂರದಿಂದಲೇ ಗುರುತಿಸಿ ಬೆವರುವ ಗಿರಾಕಿ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸಿಟ್ಟಾದಳು.

"ಕಬ್ಬಿಣದ ತುಣುಕು ಕೂದಲೆಳಿ ಹೆಚ್ಚಾದ್ರ ಒಗೀತೀರಿ. ಒಂದ್ ಹುಡುಗನ ಹೊಟ್ಟಿ ಮ್ಯಾಲ ಕಲ್ಲ ಹಾಕ್ಕೋತ ಭಾರಿ ಭಾರಿ ಅಂತ ಕುಂತೀರೇನು?"

"ಕಬ್ಬಿಣ ಅನ್ನ ಅಲ್ಲಲ್ಲ!"

"ಒಂಬೈನೂರು ರೂಪಾಯಿಕ್ಕ ಮಾರೂದು ಅನ್ನ ಅಲ್ರಿ, ಮಾಲು. ಮಾಲಿಗೆ ಹೆಸರ ಇಡಬೇಕು. ನಾ ಸಂತ್ಯಾಗ ಇಡೂದಿಲ್ಲೇನು?"

"ನನಗ ಅಂವ ಮಾರಿಲ್ಲ. ಕೊಟ್ಟಾನ."

ಭರಮವ್ವ ಸ್ವಲ್ಪ ಯೋಚಿಸಿದಳು. ಗಂಡನ ಹಟ ಅವಳಿಗೆ ಹೊಸದಲ್ಲ. "ಹಂಗಾರ ತಾಟಿಗೆ ಬರೂದಕಿಂತ ಮೊದಲ ನೋಡ್ರಿ. ಅಡಗಿಮನಿಗೇ ಹೋಗ್ರಿ. ಹಸಿ ಮೀನಕ್ಕ ಎಷ್ಟರ ಹೆಸರ ಇಡ್ರಿ, ನಿಮ್ಮಪ್ಪ ಏನೂ ಅನ್ನೂದಿಲ್ಲ."

ಸತ್ಯಪ್ಪ ಬುಧವಾರದ ತನಕ ಕಾಯಲಿಲ್ಲ. ಮರುದಿನವೇ ವರ್ಕ್‌ಶಾಪಿಗೆ ಅರ್ಧ ದಿನ ರಜೆ ಹಾಕಿ, ನೀಲಸಾಗರದ ಅಡುಗೆಮನೆಗೆ ನುಗ್ಗಿದ. ಹಿಂದೆಯೇ ಸೌರಭ. ಬಸವಪ್ರಸಾದ ಫ್ರಿಜ್ಜಿನಿಂದ ಬಂಗಡಿ ತೆಗೆಯುತ್ತಿದ್ದ. ಸತ್ಯಪ್ಪ ಕಿವಿರು ಎತ್ತಿ ನೋಡಿದ, ಬೆರಳಿನಿಂದ ಹೊಟ್ಟೆ ಒತ್ತಿದ. ಒತ್ತಿದ ತಗ್ಗು ಹಾಗೇ ಉಳಿಯಿತು.

"ಇದು ಹಳೇ ಮೀನ. ಇದರ ಕಣ್ಣು ನೋಡ್ರಿ, ನಮ್ಮ ವರ್ಕ್‌ಶಾಪಿನ ವಾಚ್‌ಮನ್ನನ ಕಣ್ಣು ಇದಕಿಂತ ಚುರುಕ ಅದಾವು. ಇದಕ್ಕ ಆಮಸೋಲ ಎಲ್ಲೈತಿ? ಹುಳಿ ಇಲ್ಲದ ಬಂಗಡಿ ಯಾರು ತಿಂತಾರ? ಸಕ್ರಿ ಡಬ್ಬಿ ಇಲ್ಲ್ಯಾಕ ಬಂತು?"

ಐವತ್ತು ವರ್ಷ ತಡೆದದ್ದು ಒಮ್ಮೆಲೇ ಹರಿಯಿತು. ಬಸವಪ್ರಸಾದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹುಳಿ ಬೇಕಾಗ್ತದಂತ ನನಗ ಹೆಂಗ ಗೊತ್ತಾಗಬೇಕ್ರಿ? ಪುಸ್ತಕದಾಗ ಇದ್ದಂಗ ಗ್ರಾಮ್ ತೂಗಿ ಹಾಕ್ತೀನಿ."

"ಒಂದ್ ಸಲ ನೆಕ್ಕಿ ನೋಡಬೇಕಪಾ!"

"ನಾನಾ? ನಾವು ಲಿಂಗಾಯತರು, ಕಾಕಾ. ಮೀನ ಮುಟ್ಟೂದು ನೌಕರಿ ಸಲುವಾಗಿ. ಬಾಯಾಗ ಹೆಂಗ ಹಾಕಲಿ?" ಬಸವಪ್ರಸಾದ ಸೌರಭನ ಕಡೆ ನೋಡಿದ. "ನೀವು ರುಚಿ ನೋಡತೀರಿ ಅಂತ ನಾ ಇದ್ದೆ ಸರ್."

"ನೀವು ನೋಡತೀರಿ ಅಂತ ನಾ ಇದ್ದೆ" ಎಂದ ಸೌರಭ.

ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಅರವತ್ತು ಕುರ್ಚಿಯ ಆ ಹೋಟೆಲು ಏಳು ತಿಂಗಳಿಂದ ಸತ್ಯಪ್ಪನ ಒಂದು ನಾಲಿಗೆಯ ಮೇಲೆ ನಿಂತಿತ್ತು.

ಸೌರಭ ಹೋಗಿ, ಬೆಳಿಗ್ಗೆ ಮಾಡಿಟ್ಟ ಬಂಗಡಿಯ ಒಂದು ತಾಟು ತಂದು ಸತ್ಯಪ್ಪನ ಮುಂದಿಟ್ಟ. "ಹಸಿ ಮೀನದ ಮಾತು ಸಾಕು. ಇದನ್ನ ಹೇಳ್ರಿ."

ಸತ್ಯಪ್ಪ ಒಂದು ತುತ್ತು ತಿಂದ. ತಲೆ ತಗ್ಗಿಸಿದ.

"ನಿಮ್ಮನ್ನ ಯಾಕ ಕರದೆ ಗೊತ್ತದೇನ್ರಿ?" ಎಂದು ಸೌರಭ ಕೇಳಿದ. "ನಾ ಲೇತ್ ಮ್ಯಾಲ ಮೊದಲನೇ ಬುಶ್ ಕಡದಾಗ ಅಪ್ಪ ಶಾಬ್ಬಾಸ್ ಅಂದ್ರು. ನೀವು ಗೇಜ್ ಹಚ್ಚಿ ಅಳತಿ ನೋಡಿ ಸ್ಕ್ರಾಪ್ ಡಬ್ಬ್ಯಾಗ ಒಗದ್ರಿ. ನಾಕ್ ಸಲ ಒಗದ್ರಿ. ನಾ ಮೂಲ್ಯಾಗ ನಿಂತು ಅತ್ತೆ. ಐದನೇದು ಮಾತ್ರ ಇಟ್ಕೊಂಡ್ರಿ. ಈ ಊರಾಗ ನನಗ ಖರೇ ಹೇಳಾವ್ರು ಇವರೊಬ್ಬರ ಅಂತ ಬಂದೆ ಕಾಕಾ. ನೀವೂ ಶಾಬ್ಬಾಸ್ ಅನ್ನಾವ್ರ ಸಾಲಿನ್ಯಾಗ ಹೋಗಿ ನಿಂತ್ರ ನಾ ಯಾರ ಕಡೆ ಹೋಗಲಿ?"

ಅಪ್ಪನ ಏಟಿಗಿಂತ ಈ ಮಾತು ಜೋರಾಗಿ ತಾಗಿತು. ಸತ್ಯಪ್ಪನಿಗೆ ಬಹಳ ನಾಚಿಕೆಯಾಯಿತು. ಅವನು ತಾಟನ್ನು ಎರಡೂ ಕೈಯಿಂದ ದೂರ ಸರಿಸಿದ, ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಅದಕ್ಕೆ ನಮಸ್ಕಾರ ಮಾಡಿದ, ಆಮೇಲೆ ಹೇಳಿದ.

"ಚಲೋ ಇಲ್ಲ, ತಮ್ಮಾ. ಭಾಳ ಕೆಟ್ಟ ಐತಿ."

"ನೊರಿ ಹಾಕಿದ ಪಾಪ್ಲೇಟ್?"

"ಅದು ಇದಕಿಂತ ಕೆಟ್ಟ."

"ಇಪ್ಪತ್ತೆಂಟೂ?"

ಸತ್ಯಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಮೊದಲನೇ ದಿವಸ ಪಾಪಡ ಕೊಟ್ಟಿದ್ದೆಲ್ಲ, ಅದು ಖರೇನ ಭಾರಿ ಇತ್ತು."

"ಅದು ಪ್ಯಾಕೆಟ್ಟಿಂದು ಕಾಕಾ!" ಸೌರಭನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಮತ್ತ ಯಾಕ ತಿಂದ್ರಿ? ಒಂದ್ ತುತ್ತೂ ಬಿಡದಂಗ?"

"ಕೊಟ್ಟಾಂವ ನೀ ಇದ್ದೆಲ್ಲಪಾ."

ಸೌರಭ ಬಂದು ಸತ್ಯಪ್ಪನ ಬಾಜು ಕುಳಿತುಕೊಂಡ.

ರವಿವಾರ ಮೆನುವಿನಲ್ಲಿ ಉಳಿದದ್ದು ನಾಲ್ಕೇ ಐಟಂ. ಭರಮವ್ವ ಬೆಳಗಿನ ಬಸ್ಸಿಗೇ ಖಾನಾಪುರಕ್ಕೆ ಹೋಗಿ, ಹೆಸರಿಟ್ಟು ಹೆಸರಿಟ್ಟು ಮೀನು ಆರಿಸಿ ತಂದಿದ್ದಳು. ಅಡುಗೆಗೂ ಅವಳೇ ನಿಂತಳು; ಬಸವಪ್ರಸಾದ ಪಕ್ಕದಲ್ಲಿ ನಿಂತು ಅವಳ ಹಿಡಿ, ಚಿಟಿಕೆಗಳನ್ನು ಗ್ರಾಮಿಗೆ ತೂಗಿ ಬರೆದುಕೊಂಡ. ಕೊಲ್ಲಾಪುರದ ಮಾಲಕ ಬಂಗಡಿ ಸಾರಿಗೆ ಅನ್ನ ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡ. "ಛಾನ್ ಆಹೆ" ಎಂದು ಮರಾಠಿಯಲ್ಲೇ ಹೊಗಳಿದ. ಇನ್ನೂ ಮೂರು ತಿಂಗಳು ನಡೆಸಿ ನೋಡೋಣ ಎಂದ. ವೇಟರುಗಳು ಉಸಿರು ಬಿಟ್ಟರು.

ಸೌರಭ ಮಾತ್ರ ಮಾಲಕನ ಕಡೆ ನೋಡುತ್ತಿರಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಉಣ್ಣುತ್ತಿದ್ದ ಸತ್ಯಪ್ಪನ ಮುಂದೆ ಹೋಗಿ ನಿಂತ. "ಕಾಕಾ?"

ಅಡುಗೆಮನೆಯ ಬಾಗಿಲಲ್ಲಿ ಭರಮವ್ವ ಸೌಟು ಹಿಡಿದು ನಿಂತಿದ್ದಳು. ಸತ್ಯಪ್ಪ ಅವಳನ್ನು ನೋಡಿದ, ಹುಡುಗನನ್ನು ನೋಡಿದ. ಇನ್ನೊಂದು ತುತ್ತು ಬಾಯಿಗಿಟ್ಟು, ನಿಧಾನ ಅಗಿದು, ನುಂಗಿದ.

"ಉಪ್ಪು ಒಂಚೂರು ಕಡಿಮಿ ಐತಿ."

ಸೌರಭನ ಮುಖ ಹಬ್ಬದ ಮನೆಯ ಹಾಗೆ ಬೆಳಗಿತು. ಏಳು ತಿಂಗಳಲ್ಲಿ ಅವನು ಅಷ್ಟು ಖುಷಿಯಾದದ್ದನ್ನು ಯಾರೂ ನೋಡಿರಲಿಲ್ಲ. "ಬಸವಪ್ರಸಾದ, ಉಪ್ಪು ಕಡಿಮಿ ಅದಂತ!" ಎಂದು ಕೂಗುತ್ತ ಒಳಗೆ ಓಡಿದ.

ಭರಮವ್ವ ಸೌಟು ಹಿಡಿದುಕೊಂಡೇ ಗಂಡನ ಟೇಬಲ್ಲಿನ ತನಕ ಬಂದಳು.

"ಮೂವತ್ತ ವರ್ಷ ಆತು, ನಾ ಮಾಡಿದ್ದೆಲ್ಲಾ ಭಾರಿ ಭಾರಿ ಅನ್ಕೋತ ಉಂಡೀರಿ," ಎಂದಳು. ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತಳು. "ಹೂಂ, ಹೇಳ್ರಿ. ಮೊದಲಿಂದ ಹೇಳ್ರಿ."