ಬಾಟಲಿಯೊಳಗಿನ ಕಪ್ಪು ಗೆರೆ

ಹಿತ್ತಲಲ್ಲಿ ಹೊಸ ಬಾವಿ ತೋಡಿಸಿ ಎರಡು ತಿಂಗಳಾಗಿತ್ತು. ಸೇದಿದಾಗ ನೀರು ತಿಳಿಯಾಗಿರುತ್ತಿತ್ತು. ಬಕೆಟ್ಟಿನಲ್ಲಿ ಒಂದು ಗಂಟೆ ಇಟ್ಟರೆ ಕೆಂಪಗಾಗುತ್ತಿತ್ತು. ಅದರಲ್ಲಿ ಒಗೆದ ಬಟ್ಟೆಯ ಮೇಲೆಲ್ಲ ಕಂದು ಚುಕ್ಕೆ. ಬೇರೆಯವರಾದರೆ ಹಾಳಾಗಿ ಹೋಗಲಿ ಎಂದು ಬಿಡಬಹುದು. ನಾನು ಹೆರಿಗೆ ಆಸ್ಪತ್ರೆಯ ಬಿಳಿ ಚಾದರ ಒಗೆದು ಬದುಕುವವಳು, ಬಿಡುವ ಹಾಗಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಯಾವ ಕಲೆಗೆ ಏನು ಹಾಕಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಬೇರೆ. ಚುಕ್ಕೆ ಕಂಡಿತು, ಬ್ಲೀಚ್ ಸುರಿದೆ. ಚುಕ್ಕೆ ಇನ್ನೂ ಕಪ್ಪಾಯಿತು. ಮತ್ತೂ ಸುರಿದೆ, ಮತ್ತೂ ಕಪ್ಪಾಯಿತು. ಸೋಪು ಕಳಪೆ ಎಂದು ಅಂಗಡಿಯವನಿಗೆ ಬೈದೆ. ತುಕ್ಕು ಹಿಡಿದ ತಂತಿಯ ಮೇಲೆ ಒಣಹಾಕಿದ್ದೀಯ ಎಂದು ಮಗಳಿಗೆ ಬೈದೆ. ನನ್ನ ಕೈಯ ಬ್ಲೀಚ್ ಡಬ್ಬಿಯನ್ನು ಮಾತ್ರ ಅನುಮಾನಿಸಲಿಲ್ಲ.

ಕೊನೆಗೆ ಫಿಲ್ಟರ್ ಮಾರುವವನನ್ನು ಕರೆಸಿದೆ. ಅವನು ಮಧ್ಯಾಹ್ನ ಬಂದು ಅಡಿಗೆಮನೆಯ ಕಟ್ಟೆಯ ಮೇಲೆ ಬಿಳಿ ಕೊಳವೆಯೊಂದನ್ನು ನಿಲ್ಲಿಸಿದ. ಬೆಳಿಗ್ಗೆಯಿಂದ ಬಕೆಟ್ಟಿನಲ್ಲಿದ್ದ ಕೆಂಪು ನೀರನ್ನು ಮೇಲೆ ಹೊಯ್ದ. ಕೆಳಗಿನಿಂದ ಪಳಪಳ ಹೊಳೆಯುವ ನೀರು ಬಂತು.

"ನೋಡಿದ್ರಾ ಅಮ್ಮ? ಎಲ್ಲಾ ನೀರಿಗೂ ಇದೊಂದೇ ಸಾಕು. ಈಗಲೇ ಗೋಡೆಗೆ ಕೂರಿಸಿಬಿಡ್ತೀನಿ."

"ಕೂರಿಸಪ್ಪ" ಎಂದೆ. ಅವನು ಗೋಡೆ ಕೊರೆಯುವ ಯಂತ್ರ ಹೊರಗೆ ತೆಗೆದ.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ಸಿಸ್ಟರ್ ಮೊಮ್ಮಗಳನ್ನು ತೂಕ ಮಾಡಲು ಬಂದರು. ಐದು ತಿಂಗಳ ಕೂಸು. ಮಗಳಿಗೆ ಎದೆಹಾಲು ಸಾಲದು, ಡಾಕ್ಟರು ಪುಡಿ ಹಾಲು ಬರೆದುಕೊಟ್ಟಿದ್ದರು. ಕೂಸು ಹಸಿವಿನಿಂದ ಮನೆ ಕಿತ್ತುಹೋಗುವ ಹಾಗೆ ಅಳುತ್ತಿತ್ತು. ಮಗಳು ಕಾಯಿಸಿ ಆರಿಸಿದ ಬಾವಿ ನೀರಿಗೆ ಪುಡಿ ಹಾಕಿ ಬಾಟಲಿ ಅಲ್ಲಾಡಿಸುತ್ತಿದ್ದಳು.

ತೊಳೆದು ಬೋರಲು ಹಾಕಿದ್ದ ಇನ್ನೊಂದು ಬಾಟಲಿಯ ಮೇಲೆ ಸಿಸ್ಟರ್ ಕಣ್ಣು ಬಿತ್ತು. ಕತ್ತಿನ ಒಳಗಡೆ ತೆಳ್ಳಗೆ ಒಂದು ಕಪ್ಪು ಗೆರೆ.

"ಇದೇನಮ್ಮ?"

"ಹಾಲಿನ ಗಸಿ ಸಿಸ್ಟರ್. ದಿನಾ ಬ್ರಷ್ ಹಾಕಿ ಉಜ್ಜಿ ತೆಗೀತೀನಿ. ಮತ್ತೆ ಬರುತ್ತೆ" ಎಂದೆ ನಾನು.

"ಹಾಲಿನ ಗಸಿ ಕಪ್ಪಗಿರುತ್ತಾ?" ಎಂದವರೇ ಮಗಳ ಕಡೆ ತಿರುಗಿದರು. "ಆ ಹಾಲು ಕೊಡಬೇಡಮ್ಮ. ಸ್ವಲ್ಪ ತಡಿ."

ಮಗಳು ಬಾಟಲಿ ಹಿಡಿದುಕೊಂಡೇ ನಿಂತಳು. ನನಗೆ ಎಲ್ಲಿತ್ತೋ ಕೋಪ. ಹಸಿದ ಕೂಸಿನ ಬಾಯಿಂದ ಹಾಲು ಕಿತ್ತುಕೊಳ್ಳುವುದು ಎಂದರೇನು?

"ನೀರು ಕುದಿಸಿದ್ದೀವಿ ಸಿಸ್ಟರ್. ಕುದಿಸಿದ ಮೇಲೆ ಇನ್ನೇನು ಉಳಿದಿರುತ್ತೆ?"

"ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಲೋಹ ಸಾಯಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತೆ. ನಿಮ್ಮ ನೀರಲ್ಲಿ ಕಬ್ಬಿಣ ಇದೆ, ಅದಕ್ಕೇ ಕೆಂಪು. ಈ ಕಪ್ಪು ನೋಡಿದ್ರೆ ಮ್ಯಾಂಗನೀಸ್ ಅನ್ನೋ ಇನ್ನೊಂದು ಲೋಹವೂ ಇರೋ ಹಾಗಿದೆ. ಅದು ಹೆಚ್ಚಾದ್ರೆ ಇಷ್ಟು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ತೊಂದರೆ ಆಗಬಹುದು."

ನಾನು ಕೂಸಿನ ಕಡೆ ನೋಡಿದೆ. ಸೋಲು ಒಪ್ಪಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ. "ಅದಕ್ಕೇ ತಾನೇ ಫಿಲ್ಟರ್ ತರಿಸಿರೋದು" ಎಂದೆ.

ಸಿಸ್ಟರ್ ಮಾರುವವನಿಗೆ ಹೇಳಿದರು: "ಕೆಂಪಾದ ನೀರು ಹಾಕಿ ತೋರಿಸಿದ್ರಲ್ಲ, ಈಗ ಸೇದಿದ ತಿಳಿ ನೀರು ಹಾಕಿ ನೋಡೋಣ."

"ತಿಳಿ ನೀರನ್ನ ಮತ್ಯಾಕೆ ಸೋಸ್ತೀರಿ ಮೇಡಂ?" ಎಂದು ಅವನು ನಕ್ಕ. ಆದರೂ ಹಾಕಿದ. ತಿಳಿಯಾಗಿ ಹೋದ ನೀರು ತಿಳಿಯಾಗಿಯೇ ಲೋಟಕ್ಕೆ ಬಂತು.

"ಅಮ್ಮ, ನಿಮ್ಮ ಬ್ಲೀಚ್ ತನ್ನಿ. ಇದಕ್ಕೆ ನಾಲ್ಕು ಹನಿ ಹಾಕಿ" ಎಂದರು ಸಿಸ್ಟರ್.

ಹಾಕಿದೆ. ಮೊದಲು ಹಳದಿ ತಿರುಗಿತು. ನೋಡನೋಡುತ್ತಿದ್ದಂತೆ ಕಂದು. ನಮ್ಮ ಚಾದರದ ಮೇಲಿನ ಅದೇ ಕಂದು. ಇಪ್ಪತ್ತೆರಡು ವರ್ಷ ಬಣ್ಣ ನೋಡಿದ ಕಣ್ಣಿಗೆ ಅದು ತಪ್ಪುವುದುಂಟೇ? ನಾನು ಇಷ್ಟು ದಿನ ಕಲೆ ತೆಗೆಯುತ್ತಿರಲಿಲ್ಲ, ನೀರಿನಲ್ಲಿ ಅಡಗಿದ್ದ ಲೋಹವನ್ನು ಹೊರಗೆಳೆದು ಬಟ್ಟೆಗೆ ಕಚ್ಚಿಸುತ್ತಿದ್ದೆ.

"ಕೆಂಪಾದ ನೀರಲ್ಲಿರೋದು ತುಕ್ಕಿನ ಪುಡಿ, ಅದನ್ನ ಈ ಕೊಳವೆ ಹಿಡಿಯುತ್ತೆ. ತಿಳಿ ನೀರಲ್ಲಿ ಲೋಹ ಸಕ್ಕರೆ ಹಾಗೆ ಕರಗಿರುತ್ತೆ. ಕರಗಿದ್ದನ್ನ ಇದು ಹಿಡಿಯಲ್ಲ" ಎಂದರು ಸಿಸ್ಟರ್.

ನಾನು ಮಾರುವವನನ್ನು ಕೇಳಿದೆ. "ನಮ್ಮ ನೀರಿನ ಪರೀಕ್ಷೆ ವರದಿ ನೋಡದೇನೇ ಎಲ್ಲಾ ನೀರಿಗೂ ಇದೇ ಸಾಕು ಅಂದ್ಯಲ್ಲ, ಹೇಗಪ್ಪ?"

ಅವನು ಯಂತ್ರ ಚೀಲಕ್ಕೆ ಹಾಕಿಕೊಂಡ. ಮಗಳು ಬಾಟಲಿಯ ಹಾಲನ್ನು ಚೆಲ್ಲಿದಳು. ನಾನು ಕೊಡ ತೆಗೆದುಕೊಂಡು ಬೀದಿಯ ಕೊನೆಯ ನಲ್ಲಿಗೆ ಓಡಿದೆ. ಆ ನೀರು ಪರೀಕ್ಷೆಯಾದದ್ದು ಎಂದು ಸಿಸ್ಟರ್ ಹೇಳಿದ್ದರು. ನಾನು ತಂದ ನೀರು ಕುದಿದು ಆರುವವರೆಗೂ ಕೂಸು ಅತ್ತಿತು. ಆ ಅಳು ಇವತ್ತಿಗೂ ಕಿವಿಯಲ್ಲಿದೆ.

ಬ್ಲೀಚ್ ಹನಿ ಕಣ್ಣಿಗೆ ತೋರಿಸುತ್ತದೆಯೇ ಹೊರತು ಎಷ್ಟಿದೆ ಎಂದು ಹೇಳುವುದಿಲ್ಲ. ಅಳತೆಗೆ ಪ್ರಯೋಗಾಲಯವೇ ಬೇಕು. ಮಾರನೆಯ ದಿನ ಅಲ್ಲಿಂದ ತಂದ ಸೀಸೆಯಲ್ಲಿ ನೀರು ಕಳಿಸಿದೆವು. ವರದಿ ಬರಲು ಆರು ದಿನ. ಆ ಆರು ದಿನವೂ ನಾನು ಕೂಸಿನ ಮುಖವನ್ನೇ ನೋಡುತ್ತಿದ್ದೆ. ಗಿಲಕಿ ಅಲ್ಲಾಡಿಸಿದರೆ ತಿರುಗುತ್ತದೆಯೇ, ನಕ್ಕರೆ ನಗುತ್ತದೆಯೇ. ನಿದ್ದೆ ಮಾಡಿದರೂ ಭಯ, ಎಚ್ಚರವಿದ್ದರೂ ಭಯ. ಸಿಸ್ಟರ್ ಜೊತೆಗೆ ಬಂದು ಡಾಕ್ಟರಿಗೂ ತೋರಿಸಿದರು. "ಮಗು ಆರಾಮಾಗಿದೆ. ಆದ್ರೆ ಆ ನೀರು ಮಾತ್ರ ಇನ್ನು ಬೇಡ" ಎಂದರು ಡಾಕ್ಟರು.

ವರದಿ ಬಂತು. ಎರಡು ಲೋಹವೂ ಮಿತಿ ಮೀರಿದ್ದವು. ಜೊತೆಗೆ ನೀರಿನಲ್ಲಿ ಹುಳಿ, ಅಂದರೆ ಆಮ್ಲದ ಅಂಶವೂ ಇತ್ತು. ಹುಳಿ ಇರುವ ನೀರಿನಲ್ಲಿ ಮ್ಯಾಂಗನೀಸ್ ಸುಲಭವಾಗಿ ಫಿಲ್ಟರಿಗೆ ಸಿಗುವುದಿಲ್ಲವಂತೆ. ಈ ಸಲ ವರದಿ ಕೈಯಲ್ಲಿ ಹಿಡಿದು ಮೂರು ಅಂಗಡಿ ಸುತ್ತಿದೆವು. ಒಬ್ಬ ಗಡಸು ನೀರನ್ನು ಮೆದು ಮಾಡುವ ಯಂತ್ರ ತೋರಿಸಿದ. ಕರಗಿದ ಕಬ್ಬಿಣ ಸ್ವಲ್ಪ ಇದ್ದರೆ ಅದು ನಡೆಯುತ್ತದೆ, ನಮ್ಮಷ್ಟಿದ್ದರೆ ಬೇಗ ಕಟ್ಟಿಕೊಳ್ಳುತ್ತದೆ ಎಂದು ಅವನೇ ಒಪ್ಪಿಕೊಂಡ. ಕೊನೆಗೆ ಆರಿಸಿದ್ದು ಬೇರೆಯದು. ಅದು ಮೊದಲು ನೀರಿನ ಹುಳಿ ತಗ್ಗಿಸಿ, ಗಾಳಿಯಾಡಿಸಿ, ಆಮೇಲೆ ಕಪ್ಪು ಹರಳು ತುಂಬಿದ ತೊಟ್ಟಿಯ ಮೂಲಕ ಹರಿಸುತ್ತದೆ. ಎರಡು ಲೋಹವೂ ಆ ಹರಳಿಗೆ ಅಂಟಿ ನಿಲ್ಲುತ್ತವೆ. ಮೂರು ದಿನಕ್ಕೊಮ್ಮೆ ನೀರನ್ನು ಉಲ್ಟಾ ದಿಕ್ಕಿನಲ್ಲಿ ಜೋರಾಗಿ ಹರಿಸಿ ಹರಳು ತೊಳೆಯಬೇಕು. ಬಾವಿಗೆ ಹೊಸದಾಗಿ ಹಾಕಿಸುವ ಪಂಪಿಗೆ ಅಷ್ಟು ಜೋರು ಇರುತ್ತದೆಯೇ ಎಂದು ಮೊದಲೇ ಕೇಳಿಕೊಂಡೆ.

ಕೂರಿಸಿದ ಮೇಲೂ ಕೂಸಿಗೆ ಆ ನೀರು ಕೊಡಲಿಲ್ಲ. ಮತ್ತೆ ಸೀಸೆ ತುಂಬಿ ಪರೀಕ್ಷೆಗೆ ಕಳಿಸಿ, ಎರಡು ಲೋಹವೂ ಮಿತಿಯೊಳಗೆ ಬಂದಿವೆ ಎಂಬ ಕಾಗದ ಕೈಗೆ ಬಂದ ಮೇಲೆಯೇ ಹಾಲು ಕಲೆಸಿದೆ.

ಚಾದರಗಳು ಈಗ ಬೆಳ್ಳಗಿವೆ, ಆಸ್ಪತ್ರೆಯವರು ಹೊಗಳುತ್ತಾರೆ. ನನಗೆ ಮಾತ್ರ ಒಂದು ಸಂಕಟ ಹೋಗಿಲ್ಲ. ಬೇರೆಯವರ ಬಟ್ಟೆಯ ಚುಕ್ಕೆ ಕಂಡು ಎರಡು ತಿಂಗಳು ಬೊಬ್ಬೆ ಹಾಕಿದೆ. ನನ್ನ ಕೂಸಿನ ಬಾಟಲಿಯ ಕಪ್ಪು ಗೆರೆಯನ್ನು ಅದೇ ಎರಡು ತಿಂಗಳು ಈ ಕೈಯಿಂದಲೇ ದಿನಾ ಉಜ್ಜಿ ತೆಗೆದೆ. ಇದು ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಲಿಲ್ಲ.

ನೀವು ಕೇಳಿ. ಇವತ್ತೇ ಮನೆಯ ಬಕೆಟ್ಟು, ಕೊಡ, ಮಗುವಿನ ಬಾಟಲಿಯ ಒಳಗೆ ಬೆರಳಾಡಿಸಿ ನೋಡಿ. ಕೆಂಪೋ ಕಪ್ಪೋ ಅಂಟಿದರೆ ಉಜ್ಜುವುದು ಆಮೇಲೆ. ಮಗುವಿಗೆ ಬೇರೆ ಸುರಕ್ಷಿತ ನೀರು ತನ್ನಿ, ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ, ವರದಿ ನೋಡಿಯೇ ಫಿಲ್ಟರ್ ಆರಿಸಿ. ಕೂರಿಸಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ನಾನು ತಡಮಾಡಿದೆ, ನೀವು ತಡಮಾಡಬೇಡಿ.