ಮೂರು ಊರಿನ ಅದಲುಬದಲು

ಅರಸೀಕೆರೆಯ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮಂಜುಶ್ರೀ ಕ್ಯಾಪ್ಟನ್ ಆಗಿ ಎರಡು ವರ್ಷವಾಗಿತ್ತು. ಎದುರಾಳಿಗಳ ನಡುವೆ ಚೆಂಡು ಪುಟಿಸಿಕೊಂಡು ನುಗ್ಗುವುದರಲ್ಲಿ ಸುತ್ತಲ ತಾಲೂಕುಗಳಲ್ಲೂ ಅವಳಿಗೆ ಸಾಟಿಯಿರಲಿಲ್ಲ. ಆಟದ ಒಳಹೊರಗೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ತೊಂಬತ್ತೊಂಬತ್ತರ ಲೀಗ್‌ಗೆ ಹದಿನೈದು ದಿನವಿರುವಾಗ ಕೋಚ್ ದೇವೇಂದ್ರ ಅವಳನ್ನು ಕರೆದು ಒಂದು ಹಾಳೆ ಮುಂದಿಟ್ಟರು.

"ನೋಡು ಮಂಜು, ಬೇಲೂರಿನೋರು ಶ್ಯಾಮಲಾನ ನಮಗೆ ಕೊಡ್ತಾರೆ. ಹಳೇಬೀಡಿನೋರು ಇಬ್ಬರು ಶೂಟರ್‌ಗಳನ್ನ ಬೇಲೂರಿಗೆ ಕೊಡ್ತಾರೆ. ನಾವು ಹಳೇಬೀಡಿಗೆ ಒಬ್ಬರನ್ನ ಕೊಡಬೇಕು. ಸರಿಹೋಗುತ್ತಾ, ನೀನೇ ಹೇಳು."

"ಯಾರನ್ನ ಸಾರ್?"

ಸಾರ್ ಅಂಕಣದ ಕಡೆ ನೋಡಿದರು. "ನಿನ್ನನ್ನೇ ಕೇಳ್ತಿದ್ದಾರೆ."

ಮಂಜುಶ್ರೀ ಹಾಳೆಯಲ್ಲಿ ತಪ್ಪು ಹುಡುಕತೊಡಗಿದಳು. ಆರಡಿ ಹತ್ತಿರದ ಶ್ಯಾಮಲಾ ಬಂದರೆ ಬುಟ್ಟಿಯ ಕೆಳಗೆ ಅರಸೀಕೆರೆಗೆ ಭಯವಿಲ್ಲ. ತನ್ನ ಜಾಗದಲ್ಲಿ ಮೇಘಶ್ರೀ ಆಡಬಲ್ಲಳು. ಬೇಲೂರಿನಲ್ಲಿ ದೂರದಿಂದ ಗುರಿಯಿಡುವವರೇ ಇಲ್ಲ. ಹಳೇಬೀಡಿನಲ್ಲಿ ಗುರಿಯಿಡುವವರು ಬೇಕಾದಷ್ಟಿದ್ದಾರೆ, ಚೆಂಡು ತಂದುಕೊಡುವವರಿಲ್ಲ. ಹೇಗೆ ತಿರುಗಿಸಿ ನೋಡಿದರೂ ಮೂರು ತಂಡಕ್ಕೂ ಲಾಭವೇ.

ತನಗೆ ಮಾತ್ರ ದಾರಿಯಿರಲಿಲ್ಲ. ಅರಸೀಕೆರೆಯಲ್ಲಿ ಕಾಲೇಜು ಮುಗಿಸಿ, ಆಡಿ, ಆರು ಗಂಟೆ ಬಸ್ಸಿಗೆ ತನ್ನೂರು ಹಾರನಹಳ್ಳಿ ಸೇರಬೇಕು. ಅಪ್ಪ ಪುಟ್ಟಸ್ವಾಮಿ ಒಪ್ಪಿದ್ದು ಅಷ್ಟಕ್ಕೇ. "ಆಟ ಅಂತ ಊರೂರು ಅಲೆಯೋದು ಬ್ಯಾಡ ಕಣವ್ವಾ," ಎಂದು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದ. ಹೆಸರು ಹಳೇಬೀಡಿಗೆ ಹೋದರೆ ಒಂದು ವರ್ಷ ಬೇರೆ ತಂಡಕ್ಕೆ ಆಡುವಂತಿಲ್ಲ. ಅಷ್ಟರಲ್ಲಿ ಕಾಲೇಜೂ ಮುಗಿದಿರುತ್ತದೆ.

"ಅದಲುಬದಲು ಸರಿಯಾಗೇ ಇದೆ ಸಾರ್. ಆದ್ರೆ ನಮ್ಮಪ್ಪ ಅಲ್ಲಿಗೆ ಕಳಿಸಲ್ಲ."

"ಗೊತ್ತು ಕಣಮ್ಮ," ಸಾರ್ ದನಿ ತಗ್ಗಿಸಿದರು. "ಸಹಿ ಆಗೋವರೆಗೂ ಹಳೇಬೀಡಿನೋರ ಮುಂದೆ ಅದನ್ನ ಎತ್ತಬೇಡ. ಟೀಮಿಗೋಸ್ಕರ."

ಮೂರು ವರ್ಷದ ಹಿಂದೆ ಮನೆಗೆ ಬಂದು, ಅಪ್ಪನ ಮುಂದೆ ಗಂಟೆಗಟ್ಟಲೆ ಕೂತು ಅವಳನ್ನು ಆಟಕ್ಕೆ ಬಿಡುವಂತೆ ಒಪ್ಪಿಸಿದವರು ಇವರೇ. ಮಂಜುಶ್ರೀ ತಲೆಯಾಡಿಸಿದಳು.

ಶನಿವಾರ ಇಬ್ಬರೂ ಹಳೇಬೀಡಿಗೆ ಹೋದರು. ಬೇಲೂರಿನವರು ಆಗಲೇ ಸಹಿ ಹಾಕಿ ಕಳಿಸಿದ್ದರು. ಹಳೇಬೀಡಿನ ಕೋಚ್ ಅನುಸೂಯಮ್ಮನ ಪಕ್ಕದಲ್ಲಿ, ಬೇಲೂರಿಗೆ ಹೋಗಬೇಕಾದ ಹುಡುಗಿಯರಿಬ್ಬರು ಕೈ ಕೈ ಹಿಡಿದು ನಿಂತಿದ್ದರು. ಒಬ್ಬಳ ಕಣ್ಣು ಅತ್ತು ಕೆಂಪಾಗಿತ್ತು.

ಅನುಸೂಯಮ್ಮ ಪೆನ್ನು ತೆಗೆದವರು ಮಂಜುಶ್ರೀಯನ್ನೇ ನೋಡಿದರು. "ಈ ಮಕ್ಕಳನ್ನ ನಾನೇ ಎಂಟನೇ ಕ್ಲಾಸಿಂದ ಬೆಳೆಸಿದ್ದು. ನಿನ್ನ ನಂಬಿ ಬಿಟ್ಟುಕೊಡ್ತಿದೀನಿ. ದಿನಾ ಪ್ರಾಕ್ಟೀಸಿಗೆ ಬರ್ತೀಯ ತಾನೆ?"

ದೇವೇಂದ್ರ ಸಾರ್ ತನ್ನನ್ನೇ ನೋಡುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಹೂಂ ಅಂದರೆ ಸುಳ್ಳು, ಜೊತೆಗೆ ತನ್ನ ಆಟವೂ ಅಲ್ಲಿಗೆ ಮುಗಿಯಿತು. ಇಲ್ಲ ಅಂದರೆ ಸಾರ್‌ಗೆ ದ್ರೋಹ. ಕೆಂಪು ಕಣ್ಣಿನ ಹುಡುಗಿ ಅವಳ ಉತ್ತರಕ್ಕೇ ಕಾಯುತ್ತಿದ್ದಳು.

"ಬರಕ್ಕಾಗಲ್ಲ ಮೇಡಂ. ಮನೇಲಿ ಬಿಡಲ್ಲ."

"ನಿಮಗೆ ಇದು ಗೊತ್ತಿತ್ತಾ ದೇವೇಂದ್ರ?" ಅನುಸೂಯಮ್ಮ ಸಹಿ ಹಾಕದೆ ಪೆನ್ನು ಮುಚ್ಚಿದರು.

ಸಾರ್ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರು.

ಲೀಗಿನ ಮೊದಲ ಆಟ ಬೇಲೂರಿನ ಮೇಲೇ ಬಿತ್ತು. ಶ್ಯಾಮಲಾ ಬುಟ್ಟಿಗೆ ತಾಗಿ ಮರಳಿದ ಚೆಂಡನ್ನೆಲ್ಲ ಮಂಜುಶ್ರೀಯ ತಲೆಯ ಮೇಲಿಂದಲೇ ಎತ್ತಿಕೊಂಡಳು. ಅರ್ಧ ಆಟಕ್ಕೆ ಅರಸೀಕೆರೆ ಹದಿನೆಂಟು ಅಂಕ ಹಿಂದೆ. ಮತ್ತೆ ಆಟ ಶುರುವಾಗಿ ನಾಲ್ಕು ನಿಮಿಷಕ್ಕೆ ಮಂಜುಶ್ರೀಯ ಕಾಲು ಸೋತು ಬಂತು. ಒಂದೆರಡು ನಿಮಿಷ ಕೂರುತ್ತೇನೆಂದು ಬೆಂಚಿನ ಕಡೆ ಕೈ ಮಾಡಿದಳು. ಮೇಘಶ್ರೀ ಎದ್ದು ನಿಂತಳು. ಸಾರ್ ಅವಳನ್ನು ಮತ್ತೆ ಕೂರಿಸಿ ಮಂಜುಶ್ರೀಯ ಕಡೆ ತಿರುಗಿದರು.

"ಇಲ್ಲೇ ಆಡ್ತೀನಿ ಅಂತ ಉಳಕೊಂಡಿದ್ದಲ್ವಾ? ಆಡು."

ಇನ್ನೂ ಹದಿನಾರು ನಿಮಿಷ ಬಾಕಿಯಿತ್ತು. ಅವಳು ಚೆಂಡು ತೆಗೆದುಕೊಂಡು, ಕೈ ಚಾಚಿ ಕಾಯುತ್ತಿದ್ದ ಶ್ಯಾಮಲಾಳ ಕಡೆಗೇ ಪುಟಿಸಿಕೊಂಡು ಹೊರಟಳು.